ಗೊರಕೆಯ ಎದೆ

ಮೊದಲ ಬಾಗಿಲು ಮಾರಾಟವಾದದ್ದು ಅಕ್ಕನ ತಮ್ಮ ಅದರ ಕೆಳಗೆ ಮಲಗಿದ್ದರಿಂದ.

ಆಗಿನ್ನೂ ಕಂಪನಿ ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅಕ್ಕನ ಗಂಡ ರೇಡಿಯೋ ರಿಪೇರಿ ಮಾಡುತ್ತಿದ್ದ. ಬಾಡಿಗೆ ಮನೆಗೆ ಅಂಟಿಕೊಂಡ ಕಾರು ಷೆಡ್ಡೇ ಅವನ ಅಂಗಡಿ. ಷೆಡ್ಡಿನ ತಗಡಿನ ಬಾಗಿಲನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡ ಮೇಲೆ, ಬಟ್ಟೆ ಒಗೆಯುವ ಮೆಷಿನ್ನಿನ ಒಂದು ಹಳೆ ಮೋಟಾರು, ಸೈಕಲ್ ಚೈನು, ಎರಡು ಸತ್ತ ರೇಡಿಯೋಗಳ ಒಳಭಾಗ, ಇಷ್ಟನ್ನು ಕಟ್ಟಿ ಕೂತಲ್ಲಿಂದಲೇ ಬಾಗಿಲು ಏಳುವ ಹಾಗೆ ಮಾಡಿದ. ಬೀದಿಯಲ್ಲಿ ಟ್ಯಾಕ್ಸಿಯವನು ತನ್ನ ವೈರ್‌ಲೆಸ್ಸಿನಲ್ಲಿ ಮಾತಾಡಿದರೂ ಅದು ಏಳುತ್ತಿತ್ತು. ಟ್ಯಾಕ್ಸಿಯವನು ನಕ್ಕರೆ ಅರ್ಧಕ್ಕೆ ಇಳಿದು ಮತ್ತೆ ಏಳುತ್ತಿತ್ತು. ಅದನ್ನು ಸರಿಮಾಡುವುದಕ್ಕೆ ಅವನಿಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಆ ಬೇಸಿಗೆಯಲ್ಲಿ ಮನೆ ನಡೆಸಿದವಳು ಅಕ್ಕ. ಗಂಡನಿಗೆ ಮಾಡುವುದು ಗೊತ್ತಿತ್ತು, ಮಾರುವುದು ಗೊತ್ತಿರಲಿಲ್ಲ. ಗಿರಾಕಿ ಮುಖ ಎತ್ತಿ ನೋಡಿದರೆ ಅವನು ಸ್ಕ್ರೂಡ್ರೈವರ್ ಹುಡುಕುತ್ತಾ ಬಗ್ಗಿಬಿಡುತ್ತಿದ್ದ.

ಮೊದಲ ಗಿರಾಕಿ ಹಲ್ಲಿನ ಡಾಕ್ಟರು. ಬಾಗಿಲು ತಾನಾಗಿ ಇಳಿದು ಬರುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ನಾನು ಒಳಗೆ ಹೋಗ್ತಾ ಇರುವಾಗ ತಲೆ ಮೇಲೆ ಬಂದ್ರೆ?"

"ಮನುಷ್ಯರನ್ನ ಮುಟ್ಟಿದ್ರೆ ಸಾಕು ಸಾರ್, ನಾಚ್ಕೊಂಡು ಮೇಲಕ್ಕೆ ಹೋಗುತ್ತೆ," ಅಂದಳು ಅಕ್ಕ.

"ಯಾರನ್ನಾದ್ರೂ ಮುಟ್ಟಿಸಿ ತೋರ್ಸಿ ನೋಡೋಣ."

ಅಕ್ಕ ಗಂಡನ ಕಡೆ ನೋಡಿದಳು. ಗಂಡ ನೆಲದಲ್ಲಿ ಏನೋ ಹುಡುಕುತ್ತಿದ್ದ. ಏಣಿ ಹೊತ್ತುಕೊಂಡು ಬಂದಿದ್ದ ತಮ್ಮ ಮೂಲೆಯಲ್ಲಿ ನಿಂತಿದ್ದ. ಅಕ್ಕ ಗಲ್ಲ ಎತ್ತಿ ಅವನಿಗೆ ಸನ್ನೆ ಮಾಡಿದಳು, ಅಷ್ಟೇ. ಅವನು ಏಣಿ ಇಳಿಸಿ ಬಂದು ಬಾಗಿಲ ಕೆಳಗೆ ಅಂಗಾತ ಮಲಗಿದ. ಸುಮ್ಮನೆ ಮಲಗುವುದಕ್ಕೆ ನಾಚಿಕೆಯಾಯಿತೋ ಏನೋ, ಎರಡೂ ಕೈ ತಲೆಯಡಿ ಇಟ್ಟುಕೊಂಡು ದೊಡ್ಡದಾಗಿ ಗೊರಕೆ ಹೊಡೆದ. ಬಾಗಿಲು ಇಳಿದು ಬಂತು, ಅವನ ಎದೆಗೆ ತಾಗಿತು, ನಡುಗಿತು, ವಾಪಸು ಏರಿತು. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬಾಗಿಲು ತೆಗೆದುಕೊಂಡರು. ತಮ್ಮ ಹೆಂಡತಿಯ ಅಣ್ಣನಿಗೂ ಒಂದು ಕೊಡಿಸಿದರು.

ಅಂದಿನಿಂದ ಅವನಿಗೆ ಗೊರಕೆ ಅಂತ ಹೆಸರು ಬಿತ್ತು. ಅವನು ಅಕ್ಕ ಅಂತ ಕರೆಯುತ್ತಿದ್ದದ್ದು ಕೇಳಿ ಕೇಳಿ ಗಿರಾಕಿಗಳು, ಕೆಲಸದವರು, ಕೊನೆಗೆ ಬ್ಯಾಂಕಿನವರು ಕೂಡ ಅವಳನ್ನು ಅಕ್ಕ ಅನ್ನತೊಡಗಿದರು.

ತಾಯಿ ಹೋದಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಉಣ್ಣಿಸಿದವಳು, ಬಡಿದವಳು, ಜ್ವರ ಬಂದರೆ ಮಗ್ಗುಲಲ್ಲಿ ಕೂತವಳು ಅಕ್ಕನೇ. ಅವಳು ಮದುವೆಯಾಗಿ ಬಂದಾಗ ಟ್ರಂಕಿನ ಜೊತೆ ಅವನೂ ಬಂದ. ಆದ್ದರಿಂದ ಮಲಗು ಅಂದರೆ ಮಲಗುವುದು ಅವನಿಗೆ ಹೊಸದೇನಲ್ಲ.

ಮೋಟಾರಿನ ಪೆಟ್ಟಿಗೆಯೊಳಗೆ ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. ಅದಕ್ಕೆ ಜೋರಿನ ಸ್ಕ್ರೂ ಅನ್ನುತ್ತಿದ್ದರು. ಇಳಿಯುವ ಬಾಗಿಲಿಗೆ ಏನಾದರೂ ಅಡ್ಡ ಬಂದಾಗ ಎಷ್ಟು ಒತ್ತಿ ನೋಡಿ ಹಿಂದೆ ಸರಿಯಬೇಕು ಅನ್ನುವುದು ಅದರ ಕೈಯಲ್ಲಿ. ಸಡಿಲ ಮಾಡಿದರೆ ಬಾಗಿಲು ಗಾಳಿಗೂ ಹೆದರಿ ಮೇಲೆ ಹೋಗುತ್ತದೆ. ಬಿಗಿ ಮಾಡಿದರೆ ಯಾವುದಕ್ಕೂ ಹೆದರುವುದಿಲ್ಲ. ಬೇರೆ ಕಂಪನಿಗಳಲ್ಲಿ ಅದನ್ನು ಅಳೆಯುವುದಕ್ಕೆ ಮೆಷಿನ್ನು ಇತ್ತು. ಇವರಲ್ಲಿ ಗೊರಕೆಯ ಎದೆ ಇತ್ತು. ಹೊಸ ಮಾಡೆಲ್ ಹೊರಟಾಗಲೆಲ್ಲ ಅವನು ಕೆಳಗೆ ಮಲಗುತ್ತಿದ್ದ, ಭಾವ ಸ್ಕ್ರೂ ತಿರುಗಿಸುತ್ತಿದ್ದ. "ಇನ್ನೊಂದು ಚೂರು ಬಿಗಿ ಮಾಡಿ ಭಾವ... ಹಾಂ, ಸಾಕು, ಇಷ್ಟಿರ್ಲಿ." ಅವನು ಸಾಕು ಅಂದ ಕಡೆ ಸ್ಕ್ರೂವಿನ ತಲೆಗೆ ಕೆಂಪು ಬಣ್ಣದ ಬೊಟ್ಟು ಇಡುತ್ತಿದ್ದರು. ಆ ಮಾಡೆಲಿನ ಎಲ್ಲ ಪೆಟ್ಟಿಗೆಗಳಿಗೂ ಅದೇ ಅಳತೆ.

ಷೆಡ್ಡು ಸಾಲದಾಯಿತು. ದೊಡ್ಡ ಗೋಡೌನು ಹಿಡಿದರು. ಬಾಗಿಲ ಜೊತೆ ಕಳ್ಳರ ಗಂಟೆ ಬಂತು. ಕಿಟಕಿಗೆ ಅಂಟಿಸುವ ಆಯಸ್ಕಾಂತ, ಕತ್ತಲಲ್ಲಿ ಯಾರಾದರೂ ಅಲುಗಾಡಿದರೆ ಕಿರುಚುವ ಪೆಟ್ಟಿಗೆ, ಆಮೇಲೆ ವೈರಿಲ್ಲದ ಕ್ಯಾಮೆರಾ. ಸಾಲು ಮೇಜುಗಳಲ್ಲಿ ಹೆಂಗಸರು ಕೂತು ಬೆಸುಗೆ ಹಾಕುತ್ತಿದ್ದರು. ಇಡೀ ಗೋಡೌನು ಸುಟ್ಟ ರಾಳದ ವಾಸನೆ ಹೊಡೆಯುತ್ತಿತ್ತು. ಮಾರಾಟದ ಮೇಳಗಳಲ್ಲಿ ಬೇರೆಯವರು ಅಂಗಡಿ ಮುಂದೆ ನೊಣ ಹೊಡೆಯುತ್ತಾ ಕೂತಿದ್ದರೆ ಇವರ ಮುಂದೆ ಜನ ಮುಗಿಬೀಳುತ್ತಿದ್ದರು. ಅಕ್ಕ ಮೈಕು ಹಿಡಿದು, "ಇವನು ನನ್ನ ಒಡಹುಟ್ಟಿದ ತಮ್ಮ. ಹೆಚ್ಚುಕಡಿಮೆ ಆಗೋ ಹಾಗಿದ್ರೆ ಇವನನ್ನ ಮಲಗಿಸ್ತಿದ್ನಾ? ಗಂಡನ್ನ ಮಲಗಿಸ್ತಿದ್ದೆ!" ಅನ್ನುತ್ತಿದ್ದಳು. ಹೆಂಗಸರೆಲ್ಲ ಗೊಳ್ಳೆಂದು ನಗುತ್ತಿದ್ದರು.

ಹೆಚ್ಚುಕಡಿಮೆ ಒಮ್ಮೆ ಆಯಿತು. ಹೊಸದಾಗಿ ಮಾಡಿದ ಮರದ ಬಾಗಿಲು, ಭಾರದ್ದು. ಪೆಟ್ಟಿಗೆಯೊಳಗೆ ಒಂದು ಬೆಸುಗೆ ಬಿಟ್ಟಿತ್ತು. ಮೋಟಾರು ನಿಲ್ಲಲಿಲ್ಲ. ಗಂಡ ಓಡಿಹೋಗಿ ಪ್ಲಗ್ಗು ಕೀಳುವಷ್ಟರಲ್ಲಿ ಗೊರಕೆಯ ಪಕ್ಕೆಲುಬುಗಳು ಮುರಿದಿದ್ದವು. ಅಕ್ಕನೇ ಹಳೆ ಸೀರೆ ಸೀಳಿ ಬಿಗಿಯಾಗಿ ಕಟ್ಟಿದಳು. ಮೂಳೆ ಏನೋ ಕೂಡಿತು, ನೆಟ್ಟಗೆ ಕೂಡಲಿಲ್ಲ. ಎದೆಯ ಮೇಲೆ ಅಡ್ಡಕ್ಕೆ ಒಂದು ದಿಂಡು ಎದ್ದು ನಿಂತಿತು. ಹಾಗಂತ ಕೆಲಸ ನಿಲ್ಲುತ್ತದೆಯೇ? ಮುಂದಿನ ಮೇಳಕ್ಕೆ ಅವನು ಮತ್ತೆ ಮಲಗಿದ. ಗೊರಕೆ ಸ್ವಲ್ಪ ಸಣ್ಣದಾಗಿತ್ತು, ಅಷ್ಟೇ.

ಅದಾಗಿ ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ, ಸೆಕೆಗೆ ಅಂಗಿ ಬಿಚ್ಚಿ ಅವನು ಒಂದು ರಿಸೀವರಿಗೆ ಬೆಸುಗೆ ಹಾಕುತ್ತಿದ್ದ. ಕಾದ ಸೀಸದ ಹನಿಯೊಂದು ಬೆಸುಗೆ ಕಡ್ಡಿಯ ತುದಿಯಿಂದ ಜಾರಿ ಎದೆಯ ದಿಂಡಿನ ಮೇಲೆ ಬಿತ್ತು. ಅವನು ಹಾಡು ಗುನುಗುತ್ತಲೇ ಇದ್ದ. ಚರ್ಮ ಸುಟ್ಟ ವಾಸನೆ ಬಂದಾಗ, "ಏನೋ ಹೊತ್ತಿಕೊಂಡಿದೆ ನೋಡ್ರೇ," ಅಂತ ಮೇಜಿನ ಕೆಳಗೆ ಬಗ್ಗಿ ಹುಡುಕಿದ. ಎದುರಿಗೆ ನಿಂತಿದ್ದ ಅಕ್ಕ ನೋಡಿದಳು. ಅವನ ಎದೆ ಸತ್ತುಹೋಗಿದೆ ಅನ್ನುವುದು ಅವಳಿಗೆ ತಿಳಿಯಿತು. ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಯಾಕೆಂದರೆ ಈಚೆಗೆ ಬರುತ್ತಿದ್ದ ದೂರುಗಳೆಲ್ಲ ಒಂದೇ ಥರ: ಗಾಳಿ ಬೀಸಿದರೆ ಬಾಗಿಲು ಮುಚ್ಚುವುದಿಲ್ಲ, ಒಣಗಿದ ಎಲೆ ಸಿಕ್ಕಿದರೂ ವಾಪಸು ಹೋಗುತ್ತದೆ. ಬಿಗಿ ಮಾಡಿದರೆ ಆ ದೂರೆಲ್ಲ ನಿಲ್ಲುತ್ತದೆ. ಬಿಗಿ ಮಾಡುವುದಕ್ಕೆ ಅವನು ಸಾಕು ಅನ್ನದಿದ್ದರೆ ಸರಿ.

ಅವನು ಸಾಕು ಅನ್ನುವುದು ಪ್ರತಿ ಮಾಡೆಲಿಗೂ ಇಷ್ಟಿಷ್ಟೇ ತಡವಾಗುತ್ತಾ ಬಂತು. ದೂರುಗಳು ನಿಂತವು.

ಗಂಡ ಒಂದೆರಡು ಸಲ ಬಾಯಿ ಬಿಟ್ಟ. "ಕೆಳಗಡೆ ಎರಡೂ ಬದಿಗೆ ಬೆಳಕಿನ ಕಣ್ಣು ಹಾಕೋಣ ಕಣೇ. ಯಾರಾದ್ರೂ ಅಡ್ಡ ಬಂದ್ರೆ ಮುಟ್ಟೋಕೆ ಮೊದಲೇ ನಿಲ್ಲುತ್ತೆ. ಎಲ್ಲರೂ ಹಾಕ್ತಿದಾರೆ."

"ಎಲ್ಲರ ಹತ್ರ ಗೊರಕೆ ಇದಾನೇನ್ರೀ?" ಅಂದಳು ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಗೊರಕೆಗೆ ಇದ್ದ ಆಸೆ ಒಂದೇ. ನೆಲ ಬಿಟ್ಟು ಏಳಬೇಕು. ಹೆಣ್ಣು ನೋಡಲು ಹೋದ ಕಡೆಯೆಲ್ಲ, "ಹುಡುಗ ಏನು ಮಾಡ್ತಾನೆ?" ಅಂದರೆ "ಮಲಗ್ತಾನೆ" ಅಂತ ಯಾರಾದರೂ ಹೇಳಿ ನಗಿಸಿಬಿಡುತ್ತಿದ್ದರು, ಮದುವೆಯ ಮಾತು ಹಾಗೇ ಹಿಂದೆ ಬಿತ್ತು. ರಿಪೇರಿ ವಿಭಾಗ ನೋಡಿಕೊಳ್ಳುತ್ತೇನೆ ಅಂತ ಅವನು ಅಕ್ಕನ ಹಿಂದೆ ಬಿದ್ದಿದ್ದ.

"ಸ್ವಂತ ಕಟ್ಟಡ ಆಗ್ಲಿ ಕಣೋ. ಎಬ್ಬಿಸಿ ಕುರ್ಚಿ ಮೇಲೆ ಕೂರಿಸ್ತೀನಿ."

"ಕುರ್ಚಿ ನಾನೇ ತಂದಿದೀನಿ ಅಕ್ಕ. ನೀನು ಕೂರ್ಸಿದ್ರೆ ಸಾಕು."

ನಿಜವಾಗಿಯೂ ತಂದಿದ್ದ. ಯಾವುದೋ ಆಫೀಸು ಮುಚ್ಚುವಾಗ ಅಗ್ಗಕ್ಕೆ ಕೊಟ್ಟ ತಿರುಗುವ ಕುರ್ಚಿ. ಪ್ಲಾಸ್ಟಿಕ್ ಸುತ್ತಿ ಗೋಡೌನಿನ ಮೂಲೆಯಲ್ಲಿಟ್ಟಿದ್ದ. ಬೆಸುಗೆ ಹೆಂಗಸರು, "ಏನ್ ಮಾವ, ಯಾವಾಗ ಸಾಹೇಬ್ರಾಗೋದು?" ಅಂತ ಕಾಲೆಳೆದರೆ, "ಆದ ದಿನ ಮೊದಲು ನಿಮ್ಮನ್ನೇ ಗದರೋದು," ಅನ್ನುತ್ತಿದ್ದ.

ಸ್ವಂತ ಕಟ್ಟಡದ ತಳಪಾಯ ಬಿದ್ದು ನಿಂತಿತ್ತು. ಅಷ್ಟರಲ್ಲಿ ಒಬ್ಬ ಕಂಟ್ರಾಕ್ಟರು ಬಂದರು. ಊರಾಚೆ ಬಯಲಿನಲ್ಲಿ ಸಾಲು ಸಾಲು ಮನೆ ಕಟ್ಟಿಸುತ್ತಿದ್ದವರು. ಪ್ರತಿ ಮನೆಗೂ ಕಾರು ಷೆಡ್ಡಿನ ಬಾಗಿಲು, ಕಳ್ಳರ ಗಂಟೆ, ಕ್ಯಾಮೆರಾ ಬೇಕಂತೆ. ಅದೊಂದು ಆರ್ಡರ್ ಸಿಕ್ಕರೆ ತಳಪಾಯದ ಮೇಲೆ ಗೋಡೆ ಏಳುತ್ತದೆ, ಸೂರು ಬೀಳುತ್ತದೆ. ಸಿಗದಿದ್ದರೆ ಅದರ ಮೇಲೆ ಹುಲ್ಲು ಬೆಳೆಯುತ್ತದೆ. ಗೊರಕೆಗೂ ಇದು ಗೊತ್ತಿತ್ತು. ಕುರ್ಚಿಯ ಪ್ಲಾಸ್ಟಿಕ್ಕಿನ ಮೇಲಿನ ಧೂಳು ಒರೆಸಿಟ್ಟ.

ಕಂಟ್ರಾಕ್ಟರು ಮಾಲು ನೋಡಲು ಬರಬೇಕಾಗಿದ್ದ ವಾರವೇ ಒಬ್ಬ ಅಜ್ಜಿಯ ಸಮಾಚಾರ ಬಂತು. ಗಿರಾಕಿಯೊಬ್ಬನ ತಾಯಿ. ಇಳಿಯುತ್ತಿದ್ದ ಬಾಗಿಲ ಕೆಳಗೆ ಬಿದ್ದ ಕನ್ನಡಕ ಎತ್ತಿಕೊಳ್ಳಲು ಬಗ್ಗಿದ್ದಾಳೆ. ಬಾಗಿಲು ಅವಳ ಬೆನ್ನ ಮೇಲೆ ಕೂತು ನೆಲಕ್ಕೆ ಒತ್ತಿ, ಆಮೇಲೆ ನಿಧಾನವಾಗಿ ಎದ್ದಿದೆ. ಭುಜ ಕಳಚಿತ್ತು, ಪಕ್ಕೆ ಮುರಿದಿತ್ತು. ಅಕ್ಕ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು.

ಅಜ್ಜಿ ಹಣ್ಣಿನ ಕಡೆ ನೋಡಲಿಲ್ಲ. "ಮುಟ್ಟಿದ್ರೆ ಮೇಲೆ ಹೋಗುತ್ತೆ ಅಂತ ನಿನ್ನ ತಮ್ಮ ಮಲಗಿ ತೋರ್ಸಿದ್ನಲ್ಲಮ್ಮ. ನಾನು ತೀರಾ ಒಣಗಿಹೋಗಿದೀನೋ ಏನೋ, ಮುಟ್ಟಿದ್ದೇ ಅದಕ್ಕೆ ಗೊತ್ತಾಗ್ಲಿಲ್ಲ," ಅಂದಳು. ಅಕ್ಕ ಹಣ್ಣು ಅಲ್ಲೇ ಇಟ್ಟು ಎದ್ದು ಬಂದಳು.

ಗೊರಕೆ ಗೋಡೌನಿನ ಬಾಗಿಲಲ್ಲೇ ಕಾಯುತ್ತಿದ್ದ. "ಅಕ್ಕ, ಅದು ನಾನು ಮಲಗಿದ ಮಾಡೆಲ್ಲೇ ಅಲ್ವಾ?"

"ಅವರ ಮನೆ ಬಾಗಿಲು ಜಾರೋ ಕಂಬಿ ಸೊಟ್ಟ ಇತ್ತು. ಬಾಗಿಲು ಸಿಕ್ಕಿಹಾಕ್ಕೊಂಡಿದೆ. ನಿಂದೇನಿಲ್ಲ, ಹೋಗಿ ಕೆಲಸ ನೋಡು."

"ಹಂಗಾದ್ರೆ ಸರಿ." ಅವನ ಮುಖ ತಿಳಿಯಾಯಿತು. ಅಕ್ಕ ಹೇಳಿದ್ದನ್ನು ಎರಡನೇ ಸಲ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಗಂಡ ಮಾತ್ರ ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಅಂದ: "ಕಂಟ್ರಾಕ್ಟರು ಬರೋ ಹೊತ್ತಿಗೆ ಸ್ಕ್ರೂ ಸಡಿಲ ಮಾಡಿಬಿಡ್ತೀನಿ."

"ಬಯಲಲ್ಲಿ ಕಟ್ತಿರೋ ಮನೆ ಕಣ್ರೀ. ಅಲ್ಲಿ ಗಾಳಿ ಎಂಥದ್ದು ಅಂತ ನೋಡಿದೀರಾ? ಸಡಿಲ ಮಾಡಿದ್ರೆ ಒಂದು ಬಾಗಿಲೂ ಮುಚ್ಚಲ್ಲ. ಮೊದಲು ಹೋದ ಬೇರೆ ಕಂಪನಿಯವರದೆಲ್ಲ ಅಲ್ಲೇ ಬಿದ್ದುಹೋಗಿರೋದು. ಮುಟ್ಟಬೇಡಿ."

ಅವನು ಮುಟ್ಟಲಿಲ್ಲ.

ಕಂಟ್ರಾಕ್ಟರು ಮೆತ್ತಗೆ ಮಾತಾಡುವ ಮನುಷ್ಯ. ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿದರು. ದೊಡ್ಡ ಟೇಬಲ್ ಫ್ಯಾನು ಇಟ್ಟು ಬಾಗಿಲಿಗೆ ಗಾಳಿ ಬಿಡಿಸಿದರು. ಬಾಗಿಲು ಜಗ್ಗದೆ ಮುಚ್ಚಿತು. "ಪರವಾಗಿಲ್ವೇ," ಅಂದರು. ಅಕ್ಕ ಗಂಡನ ಕಡೆ ಒಂದು ನೋಟ ಬೀರಿದಳು.

ಆಮೇಲೆ ಗೊರಕೆ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಲಗಿದ. ಗೊರಕೆ ಹೊಡೆದ. ಬಾಗಿಲು ಇಳಿದು ಎದೆಯ ಮೇಲೆ ಕೂತಿತು. ಒತ್ತಿತು. ಗೊರಕೆ ಅರ್ಧಕ್ಕೆ ನಿಂತು, ಬಾಯಿಂದ ಗಾಳಿ ಹುಸ್ಸೆಂದು ಹೊರಟು, ಕತ್ತಿನ ನರ ಉಬ್ಬಿತು. ಆಮೇಲೆ ಬಾಗಿಲು ಏರಿತು. "ಹೂವು ಇಟ್ಟಂಗಿತ್ತು ಸಾರ್," ಅಂದ ಗೊರಕೆ. ಹೆಂಗಸರು ಚಪ್ಪಾಳೆ ತಟ್ಟಿದರು.

ಕಂಟ್ರಾಕ್ಟರು ನಗಲಿಲ್ಲ. "ಪಕ್ಕೆ ಮುರ್ಕೊಂಡ ಆ ಅಜ್ಜಿ ನಮಗೆ ಪರಿಚಯದವರು," ಅಂದರು. ಡ್ರೈವರನ್ನು ಕರೆದು ಕಾರಿನಿಂದ ಒಂದು ವಸ್ತು ತರಿಸಿದರು. ಮನೆಯಲ್ಲಿ ಮೇಲೆ ಹತ್ತಿ ನಿಂತು ತೂಕ ನೋಡಿಕೊಳ್ಳುವ ಕಾಟಾ. ಗೊರಕೆಯ ಪಕ್ಕದಲ್ಲೇ ಅವನ ಎದೆಗಿಂತ ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಅದರ ಮೇಲಿಟ್ಟರು. ಬಾಗಿಲು ಮತ್ತೆ ಇಳಿಯಿತು. ಮುಳ್ಳು ಸರ್ರನೆ ಓಡಿತು.

"ನಾನು ಹತ್ತಿ ನಿಂತ್ರೂ ಇಷ್ಟು ತೋರ್ಸಲ್ವಲ್ಲಮ್ಮ ಇದು." ಅವರು ಅಕ್ಕನ ಕಡೆ ತಿರುಗಿದರು. "ಇಷ್ಟು ಜೋರು ಇಟ್ಟವರು ಯಾರು?"

ಮೇಜುಗಳ ಮೇಲೆ ಬೆಸುಗೆ ಕಡ್ಡಿಗಳು ಚುರ್ ಚುರ್ ಅನ್ನುತ್ತಿದ್ದವು. ಗಂಡ ನೆಲದ ಕಡೆ ಬಗ್ಗಿದ್ದ. ಗೊರಕೆ ಇನ್ನೂ ಮಲಗೇ ಇದ್ದ. ಏಳು ಅಂತ ಯಾರೂ ಹೇಳಿರಲಿಲ್ಲ. ಅಕ್ಕನ ಕಣ್ಣ ಮುಂದೆ ಆ ತಳಪಾಯ ಬಂತು, ಅದರ ಸುತ್ತ ನಿಂತ ನೀರು ಬಂತು. ಅವಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಇವನೇ ಸಾರ್. ಇವನು ಸಾಕು ಅಂದಿದ್ದೇ ಅಳತೆ. ಇವನ ಎದೆ ಮರಗಟ್ಟಿ ಹೋಗಿದೆ. ನಮ್ಮ ಹತ್ರ ಮುಚ್ಚಿಟ್ಟ. ನಮಗೆ ಈಗ ಗೊತ್ತಾಗಿದ್ದು."

ಗೊರಕೆ ತಲೆ ಎತ್ತಿ, "ಮರಗಟ್ಟಿದೆಯಾ?" ಅಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕಂಟ್ರಾಕ್ಟರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅಕ್ಕ ಪಕ್ಕದ ಮೇಜಿನಿಂದ ವೈರು ಹಿಡಿಯುವ ಚೂಪು ಮೂತಿಯ ಇಕ್ಕಳ ತೆಗೆದುಕೊಂಡಳು. ಮಂಡಿಯೂರಿ ಕೂತು ತಮ್ಮನ ಅಂಗಿಯ ಗುಂಡಿ ಬಿಚ್ಚಿದಳು. ಚಿಕ್ಕವನಿದ್ದಾಗ ಸ್ನಾನಕ್ಕೆ ಬಿಚ್ಚುತ್ತಿದ್ದ ಹಾಗೆಯೇ ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ. ಆ ದಿಂಡಿನ ಮೇಲಿನ ಚರ್ಮವನ್ನು ಇಕ್ಕಳದಲ್ಲಿ ಹಿಡಿದು ಹಿಂಡಿ ತಿರುವಿದಳು. ರಕ್ತ ಒಸರಿತು. ಗೊರಕೆ ಮಿಸುಕಲಿಲ್ಲ. ಅವನು ಎದೆ ನೋಡಿಕೊಳ್ಳುತ್ತಿರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದ.

"ನೋಡಿ," ಅಂದಳು ಅಕ್ಕ. ಮತ್ತೊಂದು ಕಡೆ ಹಿಡಿದಳು.

"ಸಾಕು ಬಿಡಿಯಮ್ಮ!" ಕಂಟ್ರಾಕ್ಟರು ಮುಖ ತಿರುಗಿಸಿಕೊಂಡರು. ಬೆಸುಗೆ ಮೇಜಿನ ಹಿರಿಯ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಗೊರಕೆ ಎದ್ದು ಕೂತ. ಅಂಗಿಯ ಎರಡು ಅಂಚನ್ನೂ ಎಳೆದು ಹಿಡಿದುಕೊಂಡ. ಅಕ್ಕ ಅವನು ಕೂಗಾಡುತ್ತಾನೆ, ಎಲ್ಲ ಬಿಚ್ಚಿ ಹೇಳುತ್ತಾನೆ ಅಂತ ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದಳು.

"ಹೌದು ಸಾರ್," ಅಂದ ಅವನು. "ನಂದೇ ತಪ್ಪು. ಅಕ್ಕಂದು ಏನಿಲ್ಲ. ಭಾವಂದೂ ಇಲ್ಲ."

ಆರ್ಡರ್ ಸಿಕ್ಕಿತು. ಅಳೆಯುವ ಮೆಷಿನ್ನು ತರಿಸಬೇಕು, ಎರಡೂ ಬದಿಗೆ ಬೆಳಕಿನ ಕಣ್ಣು ಹಾಕಬೇಕು ಅಂತ ಕಂಟ್ರಾಕ್ಟರು ಷರತ್ತು ಹಾಕಿದರು. ಕಾರು ಹತ್ತುವಾಗ, "ಹೀಗೆ ಮನುಷ್ಯರನ್ನ ಮಲಗಿಸೋದು ಇನ್ನು ಬೇಡ. ಆತನನ್ನ ಈ ಕೆಲಸದ ಹತ್ತಿರ ಬಿಡಬೇಡಿ," ಅಂದರು. ಎದೆಯ ಗಾಯಕ್ಕೆ ಔಷಧಿ ಹಾಕಿಸಿ ಅಂತಲೂ ಅಂದರು. ಔಷಧಿಯ ಮಾತು ಬಿಟ್ಟು ಮಿಕ್ಕದ್ದೆಲ್ಲ ಅಕ್ಕನ ತಲೆಯಲ್ಲಿ ಉಳಿಯಿತು.

ಕುರ್ಚಿಯ ಮಾತು ಅವಳು ಯೋಚಿಸಲಿಲ್ಲ ಅಂತಲ್ಲ. ಯೋಚಿಸಿದಳು. ಕಂಟ್ರಾಕ್ಟರ ಜನ ಇನ್ನು ದಿನಾ ಬರುವವರು. ಇವನು ಕುರ್ಚಿ ಮೇಲೆ ಕೂತಿದ್ದರೆ ಏನಂದುಕೊಂಡಾರು? ಅಲ್ಲದೆ, ಇವತ್ತು ಒಪ್ಪಿಕೊಂಡವನು ನಾಳೆ ಯಾರೋ ಕೆದಕಿ ಕೇಳಿದರೆ ಎದೆ ಮರಗಟ್ಟಿದ್ದು ತನಗೇ ಗೊತ್ತಿರಲಿಲ್ಲ ಅಂದುಬಿಟ್ಟರೆ? ಅವನು ಕಣ್ಣೆದುರಿಗೆ ಇದ್ದಷ್ಟು ದಿನ ಆ ಇಕ್ಕಳವೂ ಕಣ್ಣೆದುರಿಗೇ ಇರುತ್ತದೆ. ಅದನ್ನಂತೂ ಅವಳು ಬಾಯಿಬಿಟ್ಟು ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಸಾಯಂಕಾಲ ಕೆಲಸದವರೆಲ್ಲ ಹೊರಡುವ ಮೊದಲು, ರಿಮೋಟಿನಿಂದ ತೆರೆಯುವ ಹೊರಗಿನ ಗೇಟಿನ ರಿಸೀವರು ಹಳೆಯ ರಿಮೋಟುಗಳನ್ನೆಲ್ಲ ಮರೆಯುವ ಹಾಗೆ ಮಾಡಿಸಿದಳು. ಒಬ್ಬೊಬ್ಬರ ಕೈಯ ರಿಮೋಟನ್ನೂ ಹೊಸದಾಗಿ ಕಲಿಸಬೇಕು. ಗಂಡ ಸಾಲಾಗಿ ನಿಂತವರ ರಿಮೋಟು ಈಸಿಕೊಂಡು ಕಲಿಸುತ್ತಾ ಹೋದ. ಗೊರಕೆ ಮಧ್ಯಾಹ್ನವೇ ತನ್ನ ಕೋಣೆಗೆ ಹೋಗಿ ಮಲಗಿದ್ದ.

"ಅವನದು?" ಅಂದ ಗಂಡ ಕೊನೆಗೆ.

"ಎಲ್ಲರದೂ ಆಯ್ತಲ್ಲ, ಮುಚ್ಚಿ ಪೆಟ್ಟಿಗೇನ."

ಮರುದಿನ ಬೆಳಿಗ್ಗೆ ಅಕ್ಕ ಆಫೀಸಿನಲ್ಲಿ ಕ್ಯಾಮೆರಾದ ಪರದೆ ಮುಂದೆ ಕೂತಿದ್ದಳು. ಗೊರಕೆ ಬಂದ. ಎದೆಗೆ ಬಟ್ಟೆ ಕಟ್ಟಿಕೊಂಡದ್ದು ಅಂಗಿಯ ಮೇಲಿಂದಲೇ ಉಬ್ಬಿ ಕಾಣುತ್ತಿತ್ತು. ಗೇಟಿನ ಮುಂದೆ ನಿಂತು ರಿಮೋಟು ಒತ್ತಿದ. ಕೈ ಎತ್ತಿ ತಲೆ ಮೇಲೆ ಹಿಡಿದು ಒತ್ತಿದ. ಅಂಗೈಗೆ ಬಡಿದ. ಉಗುರಿನಿಂದ ಮುಚ್ಚಳ ಬಿಚ್ಚಿ, ಬ್ಯಾಟರಿ ತೆಗೆದು ಅಂಗಿಗೆ ಉಜ್ಜಿ, ಮತ್ತೆ ಹಾಕಿ ಒತ್ತಿದ.

ಬೆಸುಗೆ ಹೆಂಗಸೊಬ್ಬಳು ಬಂದಳು. ಅವಳ ರಿಮೋಟಿಗೆ ಗೇಟು ತೆರೆಯಿತು. ಅವಳು ಏನೋ ಅಂದಳು, ಅವನೂ ಏನೋ ಅಂದು ನಕ್ಕ. ಅವಳ ಜೊತೆ ಒಳಗೆ ಬರಬಹುದಿತ್ತು. ಬರಲಿಲ್ಲ. ಕೆಟ್ಟ ರಿಮೋಟನ್ನು ಹಾಗೇ ಬಿಟ್ಟು ಹೋಗುವ ಮನುಷ್ಯನೇ ಅಲ್ಲ ಅವನು. ಗೇಟು ಮತ್ತೆ ಮುಚ್ಚಿಕೊಂಡಿತು.

"ಹೋಗಿ ಒಂದು ಮಾತು ಹೇಳಿ ಬರ್ಲಾ?" ಅಂದ ಗಂಡ.

"ಏನಂತ ಹೇಳ್ತೀರಾ?"

ಗಂಡ ಮೇಜಿನ ಮೇಲೆ ಸ್ಕ್ರೂಡ್ರೈವರ್ ಹುಡುಕತೊಡಗಿದ.

ತೀರಾ ಹತ್ತಿರ ನಿಂತು ಒತ್ತಿದರೆ ಒಮ್ಮೊಮ್ಮೆ ರಿಸೀವರಿನ ಕಿವಿ ಗಡಚಿಕ್ಕಿಹೋಗುತ್ತದೆ. ಹಿಂದೆ ಸರಿದು ಒತ್ತಿದರೆ ಕೇಳಿಸುತ್ತದೆ. ಈ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಗೊರಕೆ ಗೇಟಿಗೆ ಮುಖ ಮಾಡಿಕೊಂಡೇ ಒಂದು ಹೆಜ್ಜೆ ಹಿಂದೆ ಇಟ್ಟು ಒತ್ತಿದ. ಇನ್ನೊಂದು ಹೆಜ್ಜೆ ಇಟ್ಟು ಒತ್ತಿದ. ರಸ್ತೆಗಿಳಿದ. ಒಂದು ಲಾರಿಯವನು ಹಾರನ್ ಹೊಡೆದಂತಾಯಿತು, ಗೊರಕೆ ಕೈ ತೋರಿಸಿ ಲಾರಿ ತನ್ನನ್ನು ಸುತ್ತಿ ಹೋಗುವ ಹಾಗೆ ಮಾಡಿ ಮತ್ತೆ ಹಿಂದೆ ಸರಿದ. ಆಚೆ ಬದಿಯ ಮೋರಿ ದಾಟಿದ. ಪರದೆಯಲ್ಲಿ ಅವನು ಬೆರಳುದ್ದ ಆಗಿದ್ದ. ಎತ್ತಿದ ಕೈ ಮಾತ್ರ ಕಾಣುತ್ತಿತ್ತು.

"ಇನ್ನೂ ಹಿಂದೆ ಹೋಗ್ತಾನೇ ಇದಾನೆ ಕಣೇ," ಅಂದ ಗಂಡ.

"ಹೋಗ್ಲಿ," ಅಂದಳು ಅಕ್ಕ. ಕಂಟ್ರಾಕ್ಟರ ಫೋನು ಬರುತ್ತಿತ್ತು. ಗಂಟಲು ಸರಿಮಾಡಿಕೊಂಡು, ನಗುಮುಖ ಮಾಡಿಕೊಂಡು, ಎತ್ತಿದಳು.